ಶ್ರೀಶೈಲನ ಹತ್ತೊಂಬತ್ತು ಕಿಲೋ ಆಂಪ್ಲಿಫೈಯರ್

"ಅಜ್ಜಗ ವಯಸ್ಸಾತು, ಒಂದಕ್ಕ ನಾಕು ಸೇರಿಸಿ ಹೇಳತಾನ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದವನು ಯಾರು? ನಿನ್ನೆ ಮಧ್ಯಾಹ್ನ ತಟ್ಟೆಯಲ್ಲಿ ಯಾವ ಪಲ್ಯ ಇತ್ತೆಂದು ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವವರು ನನ್ನ ನೆನಪಿಗೆ ಪರೀಕ್ಷೆ ಇಡುತ್ತೀರಾ? ಶ್ರೀಶೈಲನ ಆ ಆಂಪ್ಲಿಫೈಯರ್ ಡಬ್ಬಿಯ ತೂಕ ಹದಿನಾರು ಎಂದು ಒಬ್ಬ ಬರೆದಿದ್ದಾನೆ, ಇಪ್ಪತ್ತೈದು ಎಂದು ಇನ್ನೊಬ್ಬ. ಹತ್ತೊಂಬತ್ತು ಕಿಲೋ ಮುನ್ನೂರು ಗ್ರಾಂ! ಅದನ್ನು ಗೋಡೆಯ ಗೂಡಿಗೆ ತುರುಕಿದ ನಾಲ್ಕು ಮಂದಿಯಲ್ಲಿ ನಾನೂ ಒಬ್ಬ. ನೀವು ನಂಬದಿದ್ದರೂ ನನ್ನ ಸೊಂಟ ನಂಬುತ್ತದೆ. ಈಗ ಬಾಯಿ ಮುಚ್ಚಿಕೊಂಡು ಕೇಳಿ. ಮೊಬೈಲಿನಲ್ಲಿ ನನ್ನ ಮಾತನ್ನು ಎರಡು ಪಟ್ಟು ವೇಗದಲ್ಲಿ ಓಡಿಸಬೇಡಿ. ನಾನು ನಿಧಾನವಾಗಿ ಹೇಳುವುದಕ್ಕೂ ಕಾರಣವಿರುತ್ತದೆ.

ತೊರವಿ ರಸ್ತೆಯ ನಮ್ಮ ಓಣಿಯಲ್ಲಿ ಶ್ರೀಶೈಲ ಎಂಬ ಗೃಹಸ್ಥ ಇದ್ದಾನೆ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ತೂಕದ ಗುಮಾಸ್ತ. ಇಪ್ಪತ್ತೇಳು ವರ್ಷ ಪೆಟ್ಟಿಗೆ ತೂಗಿ ತೂಗಿ ಅವನಿಗೆ ಒಂದು ನಂಬಿಕೆ ಬಂದುಬಿಟ್ಟಿತ್ತು. ಭೂಮಿಯ ಮೇಲೆ ಯಾವ ವಸ್ತುವಿನ ಯೋಗ್ಯತೆಯನ್ನಾದರೂ ತಕ್ಕಡಿ ಹೇಳುತ್ತದೆ, ಉಳಿದದ್ದೆಲ್ಲ ಬರೀ ಮಾತು. ಕೊಕ್ಕೆ ಇರುವ ಸಣ್ಣ ತಕ್ಕಡಿಯೊಂದು ಅವನ ಕೈಚೀಲದಲ್ಲಿ ಸದಾ ಇರುತ್ತಿತ್ತು. ಚಪ್ಪಲಿ ಕೊಳ್ಳುವಾಗಲೂ ತೂಗಿ ನೋಡಿ, ಎಡಗಾಲಿನದು ಹತ್ತು ಗ್ರಾಂ ಕಡಿಮೆ ಇದೆ ಎಂದು ಜಗಳ ತೆಗೆದ ಮನುಷ್ಯ.

ಅವನ ಮಗ್ಗುಲ ಮನೆ ಮುರ್ತುಜಾಸಾಬರದು. ಮೂವತ್ತು ವರ್ಷ ಬಬಲೇಶ್ವರದ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅವರ ಹತ್ತಿರ ಒಂದು ಹಳೆಯ ಆಂಪ್ಲಿಫೈಯರ್, ಎರಡು ಸ್ಪೀಕರ್. ಸಂಜೆ ಐದಕ್ಕೆ ಅಂಗಳದಲ್ಲಿ ಕುರ್ಚಿ ಹಾಕಿ ಹಾಡು ಹಚ್ಚಿದರೆಂದರೆ, ಎಡಗಡೆಯಿಂದ ಹಾರ್ಮೋನಿಯಂ, ಬಲಗಡೆಯಿಂದ ತಬಲಾ, ನಡುವೆ ಗಾಯಕ ಬಂದು ನಿಮ್ಮ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕುಳಿತಂತೆ. ಓಣಿಯ ಗಂಡಸರು ಒಬ್ಬೊಬ್ಬರೇ ಅಲ್ಲಿಗೆ ಬಂದು ಸೇರುತ್ತಿದ್ದರು. ಶ್ರೀಶೈಲ ತನ್ನ ಕಿಟಕಿಯಿಂದ ಕುರ್ಚಿ ಎಣಿಸುತ್ತಿದ್ದ. ಸೋಮವಾರ ಐದು, ಮಂಗಳವಾರ ಏಳು. ಏಳಾದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಗಂಡಸರು ಹೋಗಲಿ ಬಿಡಿ. ಅವನ ಸ್ವಂತ ಹೆಂಡತಿ ಭಾಗೀರಥೀಬಾಯಿ ಮೆಂತೆಪಲ್ಯೆಯ ಮೊರ ಎತ್ತಿಕೊಂಡು ಕಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ಕುಳಿತುಬಿಡುತ್ತಿದ್ದಳು. ಸೊಪ್ಪು ಸೋಸುವ ಕೈ ಈ ಮನೆಯದು, ಕಿವಿ ಆ ಮನೆಯದು.

"ಪಡಸಾಲ್ಯಾಗ ಕುಂತು ಸೋಸಾಕ ಬರಂಗಿಲ್ಲೇನು?" ಎಂದು ಶ್ರೀಶೈಲ ಒಂದು ದಿನ ಕೇಳಿದ.

"ಅಲ್ಲಿ ಕುಂತು ಏನ್ ಕೇಳ್ಲಿ? ನಿಮ್ಮ ಸ್ಪೀಕರ್ ಹಾಡತಾವೋ ಕೆಮ್ಮತಾವೋ ತಿಳಿಯಂಗಿಲ್ಲ. ಮೊನ್ನೆ ಒಂದೀಟು ಶುಂಠಿ ಕಷಾಯ ಕುಡಸೋಣ ಅನಿಸ್ತು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಭಾವಮೈದುನ ಬಿಟ್ಟುಹೋದ ಎರಡು ಸ್ಪೀಕರನ್ನು ಶ್ರೀಶೈಲ ಹಳೆಯ ಟಿವಿಗೆ ಕಟ್ಟಿದ್ದ. ಅವು ಕೆಮ್ಮುತ್ತಿದ್ದವು.

ಗೋಡೆಯ ಆಚೆಯಿಂದ ಇದನ್ನು ಕೇಳಿಸಿಕೊಂಡ ಮುರ್ತುಜಾಸಾಬರು ಮರುದಿನ ತಾವಾಗಿ ಹೇಳಿದರು. "ಶ್ರೀಶೈಲಪ್ಪಾರ, ನಿಮ್ಮ ಸ್ಪೀಕರ್ ಚಲೋನ ಅದಾವ್ರಿ. ಅವಕ್ಕೊಂದು ಆಂಪ್ಲಿಫೈಯರ್ ಬೇಕು, ಅಷ್ಟ. ಹೊಸದು ಬ್ಯಾಡ, ನಾಕು ಸಾವಿರದಾಗ ಹಳೇದ ಸಿಗತೈತಿ. ಸಣ್ಣ ಮನಿ, ಸಣ್ಣ ಸ್ಪೀಕರ್, ಇಪ್ಪತ್ತು ವ್ಯಾಟ್ ಬೇಕಾದಷ್ಟಾತು. ಒಳಗಿನ ಟ್ರಾನ್ಸ್‌ಫಾರ್ಮರ್ ಚಲೋ ಇದ್ರ ಎತ್ತಿದಾಗ ಒಂದೀಟು ವಜ್ಜೆ ಬರತೈತಿ. ಅದೊಂದು ನೋಡ್ಕೋರಿ."

ಇಷ್ಟು ಒಳ್ಳೆಯ ಮಾತಿನಲ್ಲಿ ಶ್ರೀಶೈಲನ ಕಿವಿಗೆ ಬಿದ್ದದ್ದು ಎರಡೇ. 'ಸಣ್ಣ' ಎಂಬುದನ್ನು ಎರಡು ಸಲ ಅಂದದ್ದು ಅವಮಾನ. 'ವಜ್ಜೆ' ಅಂದದ್ದು ಪರಮಸತ್ಯ.

"ನಿಮ್ಮದು ಎಷ್ಟು ವಜ್ಜೆ ಐತ್ರಿ ಸಾಬ್ರ?"

"ಯಾರು ತೂಗ್ಯಾರ್ರಿ? ಎಂಟು ಕಿಲೋ ಇರಬೇಕು."

ಎಂಟು! ಶ್ರೀಶೈಲ ಅಂದೇ ಶಪಥ ಮಾಡಿದ. ಓಣಿಯ ಕುರ್ಚಿಗಳು ತನ್ನ ಮನೆಗೆ ಬರಬೇಕು. ಭಾಗೀರಥೀಬಾಯಿ ಮೊರ ಹಿಡಿದು ತನ್ನ ಮನೆಯೊಳಗೇ ಕುಳಿತುಕೊಳ್ಳಬೇಕು. ಮುರ್ತುಜಾಸಾಬರ ಹೊಟ್ಟೆ ಒಂದು ದಿನವಾದರೂ ಉರಿಯಬೇಕು. ಕೊನೆಯದೊಂದು ಸಿಕ್ಕರೆ ಮೊದಲಿನ ಎರಡನ್ನು ಬಿಟ್ಟುಕೊಡುವುದಕ್ಕೂ ಅವನು ತಯಾರಿದ್ದ.

ಮೊದಲು ಹೋದದ್ದು ಗೋಳಗುಮ್ಮಟದ ಹತ್ತಿರ ರೇಡಿಯೊ ರಿಪೇರಿ ಮಾಡುವ ಅಯೂಬನ ಅಂಗಡಿಗೆ. ಅಯೂಬ ಒಂದು ಹಳೆಯ ಆಂಪ್ಲಿಫೈಯರನ್ನು ಬಟ್ಟೆಯಿಂದ ಒರೆಸಿ, ಎರಡು ಸ್ಪೀಕರಿಗೆ ಕಟ್ಟಿ ಹಾಡು ಹಚ್ಚಿದ. ಗುಮ್ಮಟ ನೋಡಲು ಹೊರಟಿದ್ದ ಪ್ರವಾಸಿಗಳಿಬ್ಬರು ನಿಂತು ಕೇಳಿದರು. ಕುದುರೆ ಗಾಡಿಯವನು ಕುದುರೆಯನ್ನೇ ನಿಲ್ಲಿಸಿದ. ಶ್ರೀಶೈಲ ಮಾತ್ರ ಹಾಡು ಮುಗಿಯುವ ಮೊದಲೇ ಚೀಲದಿಂದ ತಕ್ಕಡಿ ತೆಗೆದು, ಡಬ್ಬಿಗೆ ಹಗ್ಗ ಕಟ್ಟಿ ಕೊಕ್ಕೆಗೆ ಸಿಗಿಸಿದ.

"ಆರು ಕಿಲೋ ಇನ್ನೂರು. ಏನೋ ಅಯೂಬ, ಖಾಲಿ ಪೆಟ್ಟಿಗಿ ಇದ್ದಂಗ ಹಗರ ಐತಲ್ಲೋ ಇದು?"

"ಸಾಹೇಬ್ರ, ಇದನ್ನ ಕಿವೀಲೆ ನೋಡಬೇಕ್ರಿ, ತಕ್ಕಡೀಲೆ ಅಲ್ಲ."

"ನನಗ ಹೇಳಾಕ ಬರಬ್ಯಾಡ. ಇದಕ್ಕಿಂತ ದೊಡ್ಡದು ತಗಿ."

"ದೊಡ್ಡದು ಯಾಕ್ರಿ? ಮುರ್ತುಜಾಸಾಬರು ಮುಂಜಾನೇನ ಫೋನ್ ಮಾಡಿದ್ರು. ನಮ್ಮ ಮಗ್ಗಲ ಮನಿ ಸಾಹೇಬ್ರು ಬರತಾರ, ಇದನ್ನ ತಗದಿಡು, ಬ್ಯಾರೆಯವರಿಗೆ ಕೊಡಬ್ಯಾಡ ಅಂದಾರ."

ಮುಗಿಯಿತು. ಶ್ರೀಶೈಲನ ತಲೆಯಲ್ಲಿ ಲೆಕ್ಕ ಬಿದ್ದಾಯಿತು. ಅವರದು ಎಂಟು, ನನಗೆ ಆರು! ನಾನು ಸಾಯುವವರೆಗೆ ತಮಗಿಂತ ಎರಡು ಕಿಲೋ ಕೆಳಗೇ ಇರಬೇಕೆಂದು ಈ ಮನುಷ್ಯ ಫೋನ್ ಮಾಡಿ ವ್ಯವಸ್ಥೆ ಮಾಡಿದ್ದಾನೆ! ತಕ್ಕಡಿ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದುಬಂದ.

ಸಂತೆಯ ದಿನ ಬಬಲೇಶ್ವರಕ್ಕೆ ಹೋದ. ಅಲ್ಲಿ ಯಾಕೂಬ ಎಂಬವನು ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಾನೆ. ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ. "ತೊರವಿ ರಸ್ತೇದವರಾ? ನಮ್ಮ ಮುರ್ತುಜಾಸಾಬರು ಹೆಂಗದಾರ್ರಿ?" ಶ್ರೀಶೈಲ ಕಿಟಕಿಯ ಹೊರಗೆ ಮುಖ ಮಾಡಿದ.

ಯಾಕೂಬನ ಅಂಗಡಿಯಲ್ಲಿ ಒಂದು ಡಬ್ಬಿ ಹದಿನೈದು ಕಿಲೋ ತೂಗಿತು. ಶ್ರೀಶೈಲನ ಕಣ್ಣು ಹೊಳೆಯಿತು. "ಇದನ್ನ ಕಟ್ಟಿಕೊಡು."

"ಆಗಂಗಿಲ್ರಿ," ಎಂದ ಯಾಕೂಬ.

"ರೊಕ್ಕಾ ಕೊಡತೇನಿ ಅಂದ್ರೂ ಆಗಂಗಿಲ್ಲೇನು?"

"ಇದು ಎರಡು ಸಾವಿರ ಮಂದಿ ಕೂಡೋ ಮಂಟಪದ್ದು. ನಿಮ್ಮ ಮನ್ಯಾನ ಸ್ಪೀಕರಿಗೆ ಹಚ್ಚಿದ್ರ ಹಾಡು ಬರಂಗಿಲ್ಲ, ಹೊಗಿ ಬರತೈತಿ. ನಾಳೆ ನೀವು ಬಂದು ನನ್ನ ಬೈತೀರಿ. ಅಂದಂಗ ಯಾವ ಓಣ್ರಿ ನಿಮ್ದು?"

ಶ್ರೀಶೈಲ ಹೇಳಬಾರದಾಗಿತ್ತು. ಹೇಳಿದ.

"ಅಯ್ಯ! ಮುರ್ತುಜಾಸಾಬರ ಓಣಿ! ಮೊದಲ ಹೇಳಬಾರದೇನ್ರಿ? ಚಾ ಕುಡೀರಿ. ಒಂದ ಮಾತು ಅವರ ಕಿವಿಗೆ ಹಾಕಿ ತಗೋರಿ, ಅವರಿಗೆ ಇದರ ನಾಡಿ ಗೊತ್ತೈತಿ."

ಚಹಾ ಬರುವ ಮೊದಲೇ ಶ್ರೀಶೈಲ ಸಂತೆಯ ಗದ್ದಲದಲ್ಲಿ ಮಾಯವಾಗಿದ್ದ. ಬದನೆಕಾಯಿ ಮಾರುವವಳು "ಬರ್ರೀ ಅಣ್ಣಾರ" ಎಂದರೂ, ಇವಳೂ ಎಲ್ಲಿ ಮುರ್ತುಜಾಸಾಬರನ್ನು ಕೇಳಿಬಿಡುತ್ತಾಳೋ ಎಂದು ದಾರಿ ತಪ್ಪಿಸಿ ನಡೆದ.

ಎರಡು ವಾರ ಹೀಗೇ ಕಳೆಯಿತು. ಆಮೇಲೆ ತಿಕೋಟಾದ ದ್ರಾಕ್ಷಿ ತೋಟದ ಯಲಗೂರಪ್ಪ ಒಣದ್ರಾಕ್ಷಿ ಇಡಲು ಕೋಲ್ಡ್ ಸ್ಟೋರೇಜಿಗೆ ಬಂದವನು, ತನ್ನ ಹತ್ತಿರ ಒಂದು ಆಂಪ್ಲಿಫೈಯರ್ ಇದೆ, ಕೊಡುವುದಿದೆ ಎಂದ. ಶ್ರೀಶೈಲ ಮೊದಲು ಕೇಳಿದ ಪ್ರಶ್ನೆ ಆಂಪ್ಲಿಫೈಯರಿನದಲ್ಲ.

"ನಿಮಗ ಮುರ್ತುಜಾಸಾಬ ಅಂತ ಯಾರರ ಗೊತ್ತದಾರೇನು?"

"ಯಾರ್ರಿ ಅವ್ರು?"

ಆ ಎರಡು ಶಬ್ದಕ್ಕಿಂತ ಇಂಪಾದ ಸಂಗೀತವನ್ನು ಶ್ರೀಶೈಲ ಅಲ್ಲಿಯವರೆಗೆ ಕೇಳಿರಲಿಲ್ಲ. ಮರುದಿನವೇ ತಿಕೋಟಾಕ್ಕೆ ಹೋದ.

ಕೊಯ್ಲು ಮುಗಿದು ತೋಟ ಖಾಲಿಯಾಗಿತ್ತು. ಶೆಡ್ಡಿನಲ್ಲಿ ಗೋಣಿಚೀಲದ ಕೆಳಗಿನಿಂದ ಯಲಗೂರಪ್ಪ ಒಂದು ಕಬ್ಬಿಣದ ಡಬ್ಬಿ ಎಳೆದ. ಕೊಕ್ಕೆ ಸಿಗಿಸಿ ಎತ್ತಿದರೆ ಕೊಕ್ಕೆಯೇ ನೆಟ್ಟಗಾಯಿತು. ದ್ರಾಕ್ಷಿ ತೂಗುವ ದೊಡ್ಡ ತಕ್ಕಡಿಯಲ್ಲಿ ಇಟ್ಟರು. ನಾನು ಮೊದಲೇ ಹೇಳಿದ ತೂಕ ಬಂತು. ಶ್ರೀಶೈಲನಿಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಯಲಗೂರಪ್ಪನ ಹೆಂಡತಿ ಚಂದ್ರಕಲಾ ಚಹಾ ತಂದಿಟ್ಟು ಒಳಗೆ ಹೋದಳು.

"ತ್ವಾಟದಾಗ ಹಕ್ಕಿ ಓಡಸಾಕ ಮಾಡಿಸಿದ್ದು ಸಾಹೇಬ್ರ," ಎಂದ ಯಲಗೂರಪ್ಪ. "ಈಗ ಬಳ್ಳಿ ಮ್ಯಾಲೆ ಬಲೆ ಹಾಕಸೀನಿ, ಇದು ಬೇಕಾಗಿಲ್ಲ."

"ಹಕ್ಕಿ ಓಡತಾವ ಅಂದ್ರ ದಮ್ ಐತಿ ಅಂತಾತು. ನನಗ ಅದ ಬೇಕು."

"ಅಲ್ರಿ, ಒಂದು ಮಾತು. ಇದರಾಗ ನಮ್ಮಾಕಿ ಧ್ವನಿ..."

"ಧ್ವನಿ ನಾ ಕೇಳಿದೆ ಬಿಡ್ರಿ, ಚಲೋ ಐತಿ." ಮೊಬೈಲಿನಿಂದ ಎರಡು ನಿಮಿಷ ಹಾಡು ಹಚ್ಚಿ ನೋಡಿದ್ದ.

"ಹಂಗಲ್ರಿ. ಕಾಲ ತಾಸಿಗೊಮ್ಮೆ..."

"ಕಾಲ ತಾಸು ಎಲ್ಲಿ ಸಾಲತೈತ್ರಿ? ನಾ ದಿನಾ ಎರಡು ತಾಸು ಹಚ್ಚಾಂವ."

"ಒಳಗ ಬ್ಯಾಟ್ರಿನೂ..."

"ನಮ್ಮ ಓಣ್ಯಾಗ ಕರೆಂಟ್ ಹೋಗಂಗಿಲ್ರಿ."

ಯಲಗೂರಪ್ಪ ಕೈಬಿಟ್ಟ. ಪ್ಯಾಟಿಯವರು, ಓದಿದವರು, ಎಲ್ಲ ಗೊತ್ತಿರುತ್ತದೆ ಎಂದುಕೊಂಡ. ನಾಳೆ ಯಾರಾದರೂ ಅವನನ್ನು ಮೋಸಗಾರ ಎಂದರೆ ನನ್ನ ಹತ್ತಿರ ಕಳಿಸಿ. ಮೂರು ಸಲ ಹೇಳಹೊರಟ ಮನುಷ್ಯ ಅವನು. ನಾಲ್ಕು ಸಾವಿರ ಕೊಟ್ಟು ಶ್ರೀಶೈಲ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದ. ಇಳಿಯುವಾಗ ಕಾಲು ಮರಗಟ್ಟಿ, ಮುಖದಲ್ಲಿ ಮಾತ್ರ ಮದುಮಗನ ಕಳೆ.

ಭಾನುವಾರ ಸಂಜೆ ಐದಕ್ಕೆ ಇಡೀ ಓಣಿಗೆ ಕರೆ ಹೋಯಿತು. ಚುರುಮುರಿ ಸೂಸಲಾ, ಮಿರ್ಚಿ ಭಜಿ, ಚಹಾ. ಮೊದಲ ಕುರ್ಚಿ ಮುರ್ತುಜಾಸಾಬರಿಗೆ, ಪಕ್ಕದಲ್ಲಿ ಅವರ ಹೆಂಡತಿ ಇಮಾಮಬಿ. ಎದುರಿಗೆ ಅಂಗನವಾಡಿಯಿಂದ ನಿವೃತ್ತಳಾದ ಸೌಭಾಗ್ಯ ಟೀಚರ್, ಹಸಿರು ರೇಷ್ಮೆ ಸೀರೆಯುಟ್ಟು, ಎಲೆಯಡಿಕೆ ಹಾಕಿ ಬಾಯಿ ಕೆಂಪು ಮಾಡಿಕೊಂಡು ಕುಳಿತಿದ್ದಳು. ಗೋಡೆಯ ಗೂಡಿಗೆ ಡಬ್ಬಿ ಇಡಬೇಕು. ಗೂಡು ಸಣ್ಣದು, ಡಬ್ಬಿ ದೊಡ್ಡದು. ಹಿಂದಿನ ತಂತಿ ಕಟ್ಟಿ, ಹಿಂದೆಯೇ ಇದ್ದ ಗುಂಡಿ ಒತ್ತಿ, ನಾಲ್ಕು ಮಂದಿ ಹೆಗಲು ಕೊಟ್ಟು ನೂಕಿದೆವು. ಡಬ್ಬಿ ಒಳಗೆ ಹೋಯಿತು. ಸುತ್ತ ಬೆರಳು ಹಾಕುವಷ್ಟು ಸಂದಿಯೂ ಉಳಿಯಲಿಲ್ಲ.

ಹಾಡು ಹಚ್ಚಿದ. ಸುಳ್ಳು ಯಾಕೆ ಹೇಳಲಿ, ದೊಡ್ಡ ಧ್ವನಿ. ಅಡುಗೆಮನೆಯಲ್ಲಿ ಭಜಿ ಕರಿಯುತ್ತಿದ್ದ ಭಾಗೀರಥೀಬಾಯಿ ಬಾಗಿಲಿಗೆ ಬಂದು "ಪರವಾಗಿಲ್ಲ ಬಿಡ್ರಿ, ಕೆಮ್ಮು ಹೋತು" ಎಂದಳು. ಮದುವೆಯಾದ ಮೇಲೆ ಅವಳು ಅವನಿಗೆ ಕೊಟ್ಟ ಅತಿದೊಡ್ಡ ಪ್ರಶಸ್ತಿ ಅದು. ಶ್ರೀಶೈಲ ಹಾಡು ಕೇಳುತ್ತಿರಲಿಲ್ಲ, ಮುರ್ತುಜಾಸಾಬರ ಮುಖ ನೋಡುತ್ತಿದ್ದ. ಆ ಮುಖ ಕೆಂಪಾಯಿತು, ಕಣ್ಣಂಚಿನಲ್ಲಿ ನೀರು ಬಂತು. ಉರಿಯಿತು, ಉರಿಯಿತು ಎಂದು ಶ್ರೀಶೈಲ ಒಳಗೊಳಗೇ ಕುಣಿದ.

"ಮೆಣಸಿನಕಾಯಿ ಭಾಳ ಖಾರ ಐತ್ರಿ," ಎಂದರು ಮುರ್ತುಜಾಸಾಬರು.

ಆಗ ಹಾಡು ಟಪ್ಪೆಂದು ನಿಂತಿತು. ಎರಡೂ ಸ್ಪೀಕರುಗಳಿಂದ ಒಬ್ಬ ಹೆಣ್ಣುಮಗಳ ಗಂಟಲು ಗೋಡೆ ನಡುಗುವಂತೆ ಹೊರಬಂತು.

"ಹೋ...! ಬಂದ್ರೇನ್ರೋ ಪುಕ್ಕಟ ತಿನ್ನಾಕ! ನಿಮ್ಮ ಹೊಟ್ಟಿ ಹರದ ಹೋಗ್ಲಿ! ದಿನಾ ಇದ ಜಾಗಾ ಸಿಕ್ಕೈತೇನು? ತಿನ್ನೂದಷ್ಟ ಅಲ್ಲ, ಹೊಲಸ ಮಾಡಿ ಬ್ಯಾರೆ ಹೋಗತೀರಿ!"

ಹದಿಮೂರು ಕೈಗಳು ಬಾಯಿಯ ಹತ್ತಿರವೇ ನಿಂತವು.

"ಆ ಹಸರ ಮೈಯಾಕಿನ್ನ ನೋಡು, ಕೆಂಪ ಬಾಯಿ ಮಾಡ್ಕೊಂಡು ಹೆಂಗ ಕುಂತಾಳ! ಎಷ್ಟ ತಿಂತೀಯ, ಸಾಕ್ ಏಳ! ಬಾಯಾಗಿಂದು ಕೆಳಗ ಹಾಕು! ಎಬ್ಬಿಸ್ರೋ ಇವನ್ನೆಲ್ಲಾ, ಕಲ್ಲ ತಗೋರಿ! ಹೋ ಹೋ ಹೋ!" ಹಿಂದೆಯೇ ತಗಡು ಬಡಿಯುವ ಸದ್ದು, ಢಣ ಢಣ ಢಣ.

ಮುರ್ತುಜಾಸಾಬರು ಅರ್ಧ ತಿಂದ ಭಜಿಯನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು. ಸೌಭಾಗ್ಯ ಟೀಚರ್ ತನ್ನ ಹಸಿರು ಸೆರಗು ನೋಡಿಕೊಂಡಳು, ಕೆಂಪು ಬಾಯಿ ಒರೆಸಿಕೊಂಡಳು, ಎದ್ದು ನಿಂತಳು.

"ಭಾಗೀರಥೀ! ಅಡಗಿಮನ್ಯಾಗ ಮೈಕ್ ಇಟ್ಕೊಂಡು ಬೈತೀಯಾ? ಕರದು ಕುಂದ್ರಿಸಿ ಹಿಂಗ ಮಾಡತಾರ?"

ಭಾಗೀರಥೀಬಾಯಿ ಭಜಿ ಎತ್ತುವ ಝಾರಿ ಹಿಡಿದುಕೊಂಡೇ ಓಡಿಬಂದಳು. "ಅಯ್ಯ ಟೀಚರ್, ನನ್ನ ಧ್ವನಿ ಅಲ್ರೀ ಅದು!"

"ಮತ್ತ ಯಾರ್ದು?"

ಎಲ್ಲರೂ ಶ್ರೀಶೈಲನ ಕಡೆ ತಿರುಗಿದರು. ಅವನು ಪ್ಲಗ್ ಕಿತ್ತಿದ್ದ. ಕಿತ್ತ ಪ್ಲಗ್ ಕೈಯಲ್ಲಿದ್ದರೂ ಆ ಹೆಂಗಸು ಬೈಯುವುದನ್ನು ನಿಲ್ಲಿಸಿರಲಿಲ್ಲ. ಬೆವರುತ್ತ ಅಂದ. "ಚಂದ್ರಕಲಾ ಇರಬೇಕು."

"ಯಾವ ಚಂದ್ರಕಲಾ?" ಝಾರಿ ಮೇಲೆದ್ದಿತು.

"ತಿಕೋಟಾದಾಕಿ. ಚಾ ಕೊಟ್ಟಿದ್ಲು."

"ಹೆಸರೂ ಗೊತ್ತೈತಿ! ಚಾನೂ ಕುಡದು ಬಂದೀರಿ! ಅಕಿ ಧ್ವನಿ ತೊಡಿ ಮ್ಯಾಲೆ ಹೊತ್ಕೊಂಡು ಮನಿಗೆ ತಂದೀರಿ! ನಾ ಗ್ವಾಡಿ ಹತ್ರ ಕುಂತ್ರ ನಿಮಗ ಸಿಟ್ಟು!"

ಹದಿನೈದು ನಿಮಿಷಕ್ಕೆ ಎರಡನೆಯ ಸಲ ಬೈಗುಳ ಬಂದಾಗ ಪಡಸಾಲೆಯಲ್ಲಿ ಕುರ್ಚಿಗಳಷ್ಟೇ ಇದ್ದವು. ಡಬ್ಬಿ ಎಳೆಯೋಣವೆಂದರೆ ನೂಕಿದ ನಾಲ್ವರೂ ಮನೆಗೆ ಹೋಗಿದ್ದೆವು. ನಾನು ಎರಡು ಭಜಿ ಜೇಬಿಗೆ ಹಾಕಿಕೊಂಡೇ ಹೋಗಿದ್ದೆ, ಮುಚ್ಚಿಡುವುದೇನು. ಹೊತ್ತು ಮುಳುಗುತ್ತಲೇ ಡಬ್ಬಿ ತಾನಾಗಿ ಸುಮ್ಮನಾಯಿತು. ತಂತಿಯಲ್ಲಿ ಉಳಿದಿದ್ದ ಕರೆಂಟು ಈಗ ಖಾಲಿಯಾಯಿತು ಎಂದು ಶ್ರೀಶೈಲ ತನಗೇ ವಿವರಿಸಿಕೊಂಡ. ಭಾಗೀರಥೀಬಾಯಿ ವಿವರಣೆ ಕೇಳಲಿಲ್ಲ. ರೊಟ್ಟಿಯ ತಟ್ಟೆಯನ್ನು ಅವನ ಮುಂದೆ ಇಟ್ಟ ಸದ್ದು ಮಾತ್ರ ನಾಲ್ಕು ಮನೆಗೆ ಕೇಳಿತು.

ಮುಂಜಾನೆ ಆರಕ್ಕೆ, ಬೆಳಕು ಹರಿಯುತ್ತಲೇ, "ಹೋ...! ಬಂದ್ರೇನ್ರೋ!"

ಶ್ರೀಶೈಲ ಹಾಸಿಗೆಯಿಂದ ಹಾರಿದ. ಭಾಗೀರಥೀಬಾಯಿ ಅಷ್ಟು ಹೊತ್ತಿಗಾಗಲೇ ಕ್ಷಮೆ ಕೇಳಲು ಇಮಾಮಬಿಯ ಮನೆಗೆ ಹೋಗಿದ್ದಳು. ಅವನು ಮನೆಯಲ್ಲಿದ್ದ ಮೂರೂ ಕೌದಿಗಳನ್ನು ತಂದು ಸ್ಪೀಕರುಗಳಿಗೆ ಸುತ್ತಿ, ಹಗ್ಗ ಬಿಗಿದು, ಮೇಲೆ ತಾನೇ ಕುಳಿತ. ಹಾಲಿನವನು ಬಾಗಿಲಿಗೆ ಬಂದಾಗ ಒಳಗಿನಿಂದ ಕೇಳಿದ್ದೇನು? ಬಾಯಿಗೆ ಬಟ್ಟೆ ತುರುಕಿದ ಹೆಂಗಸೊಬ್ಬಳ ಕೂಗು, ಅದರ ಮೇಲೆ ಶ್ರೀಶೈಲನ ಧ್ವನಿ. "ಸುಮ್ನ ಇರ್ತೀಯೋ ಇಲ್ಲೋ? ಇನ್ನೊಂದು ಕೌದಿ ಹಾಕ್ಲೇನು?"

ಹಾಲಿನವನು ಕ್ಯಾನ್ ಅಲ್ಲಿಯೇ ಬಿಟ್ಟು ಪೊಲೀಸರಿಗೆ ಫೋನ್ ಮಾಡಿದ.

ಬೀಟಿನ ಪೊಲೀಸ್ ಬಂದವನೇ ಕೌದಿಯ ಗಂಟು ನೋಡಿದ. ಅವನ ಮುಖ ಬಿಳಿಚಿತು. "ಹೆಣ್ತಿ ಎಲ್ಲಿ ಅದಾರ ನಿಮ್ಮ?"

"ಮಗ್ಗಲ ಮನ್ಯಾಗ."

"ಕೌದ್ಯಾಗ ಇರೂದು ಯಾರು?"

"ಚಂದ್ರಕಲಾ."

ಪೊಲೀಸ್ ಹಗ್ಗ ಬಿಚ್ಚಿದ. ಒಂದು ಸ್ಪೀಕರ್ ಹೊರಬಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿರುವಾಗಲೇ ಕಾಲು ತಾಸು ತುಂಬಿತು. ಈ ಸಲದ್ದು ಬೇರೆ ಕಂತು. ಬುಲ್‌ಬುಲ್ ಹಕ್ಕಿಗಳಿಗೆಂದು ಬೈದಿದ್ದಂತೆ, ಹಿಂದಿನ ಸಂಜೆಯದು ಗಿಳಿಗಳಿಗಂತೆ, ಆಮೇಲೆ ತಿಳಿಯಿತು.

"ತಲೀ ಮ್ಯಾಲೆ ತುರಾಯಿ ಇಟ್ಕೊಂಡು ಬಂದಿ ಅಂದ್ರ ಸಾಹೇಬ ಆದೇನೋ? ನಿನ್ನಂಥಾವ್ರನ್ನ ಭಾಳ ಮಂದಿನ್ನ ಓಡಿಸೀನಿ! ಹೊರಗ ನಡಿ!"

ಪೊಲೀಸ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಗೊತ್ತಿಲ್ಲದೆಯೇ ಎರಡು ಹೆಜ್ಜೆ ಹಿಂದೆ ಸರಿದು, "ಆಯ್ತ್ರೀ ಬಾಯಾರ" ಎಂದ.

ಅದೇ ಹೊತ್ತಿಗೆ ಭಾಗೀರಥೀಬಾಯಿ ಮುರ್ತುಜಾಸಾಬರನ್ನು ಕರೆದುಕೊಂಡು ಬಂದಳು. ಅವರ ಕೈಯಲ್ಲಿ ಸ್ಕ್ರೂಡ್ರೈವರ್. ಪೊಲೀಸನೂ ಕೈ ಹಚ್ಚಿದ ಮೇಲೆ ಡಬ್ಬಿ ಗೂಡಿನಿಂದ ಹೊರಬಂತು. ಮುರ್ತುಜಾಸಾಬರು ಮುಚ್ಚಳ ತೆಗೆದರು. ಒಳಗೆ ಇಟ್ಟಿಗೆಯಂಥ ಬ್ಯಾಟರಿ, ಒಂದು ಗಡಿಯಾರ, ಮುಂಭಾಗದ ತೂತಿನಿಂದ ಬೆಳಕು ಕಂಡರೆ ಎಚ್ಚರಾಗುವ ಒಂದು ಕಣ್ಣು, ಒಂದು ಮೆಮರಿ ಕಾರ್ಡು.

"ಶ್ರೀಶೈಲಪ್ಪಾರ, ಇದರಾಗ ಹದಿಮೂರು ಕಿಲೋ ಬರೇ ಬ್ಯಾಟ್ರಿ ಐತ್ರಿ. ಹಾಡೋ ಭಾಗ ಆರು ಕಿಲೋ. ಅದೂ ಸ್ಟೀರಿಯೊ ಅಲ್ಲ, ಎರಡೂ ಸ್ಪೀಕರ್ ಒಂದ ಮಾತು ಹೇಳತಾವ."

ಎಷ್ಟು ಮೆತ್ತಗೆ ಹೇಳಿದರೂ ಅದು ಶ್ರೀಶೈಲನ ಎದೆಗೆ ಕೊಕ್ಕೆಯಂತೆ ಚುಚ್ಚಿತು. ಅವರು ಹಿಂದಿನ ಗುಂಡಿ ಒತ್ತಿ ಡಬ್ಬಿಯ ಬಾಯಿ ಮುಚ್ಚಿಸಿದರು. ಪೊಲೀಸ್ ಟೋಪಿ ಹಾಕಿಕೊಂಡು ಹೋದ.

ಭಾಗೀರಥೀಬಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. "ಆ ಚಂದ್ರಕಲಾನ ಕೂಡ ನಾನ ಮಾತಾಡಬೇಕು, ಹಚ್ಚರಿ ಫೋನ್." ಹಚ್ಚಿದ. "ಯಾರವ್ವಾ ನೀನು, ನನ್ನ ಮನ್ಯಾಗ ಬಂದು ನನ್ನ ಮಂದೀಗೆ ಬೈಯಾಕಿ?" ಎಂದು ಶುರುವಾದ ಮಾತು ಅರ್ಧ ನಿಮಿಷದಲ್ಲಿ "ಅಯ್ಯ, ನಿಮ್ಮ ಯಜಮಾನ್ರೂ ಹಂಗೇನು?" ಎಂಬಲ್ಲಿಗೆ ಬಂತು. ಒಂದೂವರೆ ತಾಸು ನಡೆಯಿತು. ತನ್ನ ಧ್ವನಿಯನ್ನು ಗಂಡ ನಾಲ್ಕು ಸಾವಿರಕ್ಕೆ ಮಾರಿದ್ದು ಚಂದ್ರಕಲಾಳಿಗೆ ಆಗಲೇ ಗೊತ್ತಾದದ್ದು. ಆಚೆ ತಿಕೋಟಾದಲ್ಲಿ ಎದ್ದ ಗದ್ದಲ ಫೋನಿಲ್ಲದೆಯೂ ಕೇಳುವಂತಿತ್ತು. ಕೊನೆಗೆ ಯಲಗೂರಪ್ಪ ಫೋನ್ ಕಸಿದುಕೊಂಡು ಶ್ರೀಶೈಲನಿಗೆ ಹೇಳಿದ. "ಸಾಹೇಬ್ರ, ಕೈ ಮುಗೀತೀನಿ. ಇಕಿದ ಧ್ವನಿದು ಇನ್ನೂ ಎರಡು ಡಬ್ಬಿ ಶೆಡ್ಡಿನ್ಯಾಗ ಅದಾವ, ಪುಕ್ಕಟ ಕೊಡತೀನಿ, ಒಯ್ಯರಿ!" ಶ್ರೀಶೈಲ ಫೋನ್ ಕತ್ತರಿಸಿದ.

ಕಥೆ ಮುಗಿಯಿತೆಂದು ಮೊಬೈಲ್ ಕೆಳಗಿಡಬೇಡಿ. ಮೂರನೆಯ ದಿನ ಮುಂಜಾನೆ ಸೌಭಾಗ್ಯ ಟೀಚರ್ ಬಾಗಿಲಿಗೆ ಬಂದಳು. ಬೈಯುವುದಕ್ಕೆ ಎಂದುಕೊಂಡು ಶ್ರೀಶೈಲ ಬಚ್ಚಲಿಗೆ ಓಡಿದ. ಅವಳು ಬಂದದ್ದು ಬೇರೆ ಕೆಲಸಕ್ಕೆ.

"ಭಾಗೀರಥೀ, ಆ ಬೈಯೂ ಡಬ್ಬಿ ಯಾಕ ಬಂದ್ ಮಾಡೀರೆ? ಮೊನ್ನೆ ಮಾಳಗಿ ಮ್ಯಾಲೆ ಸಂಡಿಗಿ ಹಾಕಿದ್ದೆ, ಸಂಜೀಕ ಅದು ಬೈಯಾಕ ಹತ್ತಿದ ಮ್ಯಾಲೆ ಒಂದ ಪಾರಿವಾಳ ಮೂಸಿ ನೋಡ್ಲಿಲ್ಲ. ನಿನ್ನೆ ಡಬ್ಬಿ ಸುಮ್ನಾತು, ಅರ್ಧಾ ಸಂಡಿಗಿ ಮಾಯ! ಹಚ್ಚವ್ವಾ ಅದನ್ನ!"

ಬೇಸಿಗೆ. ಎಲ್ಲರ ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ಜೋಳ. ತಿಕೋಟಾದ ಹಕ್ಕಿಗಳಿಗೆ ಚಂದ್ರಕಲಾಳ ಬಾಯಿ ರೂಢಿಯಾಗಿತ್ತು, ನಮ್ಮ ಓಣಿಯ ಹಕ್ಕಿಗಳಿಗೆ ಅದು ಹೊಸದು. ಮಧ್ಯಾಹ್ನದೊಳಗೆ ಡಬ್ಬಿ ಶ್ರೀಶೈಲನ ಮಾಳಿಗೆ ಏರಿತು. ಮೊದಲು ಇಬ್ಬರು ಹೆಂಗಸರು ತಮ್ಮ ಹಪ್ಪಳವನ್ನೂ ಅಲ್ಲಿಗೇ ತಂದರು, ಆಮೇಲೆ ಒಂಬತ್ತು ಮಂದಿ. ಸಂಜೆ ಬಿಸಿಲು ಇಳಿದ ಮೇಲೆ ಗಂಡಸರೂ ಬಂದರು, ಕುರ್ಚಿ ತಂದರು. ಚಂದ್ರಕಲಾಳ ಮುಂದಿನ ಬೈಗುಳ ಯಾವುದು ಬರುತ್ತದೆ ಎಂದು ಪಂದ್ಯ ಕಟ್ಟಿಕೊಂಡು ಕಾಯುವುದು, ಬಂದೊಡನೆ ಹೊಟ್ಟೆ ಹಿಡಿದು ನಗುವುದು. ಇಮಾಮಬಿ ಎರಡು ಬೈಗುಳ ಬಾಯಿಪಾಠ ಮಾಡಿ ಮೊಮ್ಮಕ್ಕಳ ಮೇಲೆ ಪ್ರಯೋಗಿಸಿದಳು. ನಡುವೆ ಭಾಗೀರಥೀಬಾಯಿ ಮೊರ ತೊಡೆಯ ಮೇಲಿಟ್ಟುಕೊಂಡು, ಮದುವೆಮನೆಯ ಯಜಮಾನತಿಯಂತೆ. ಆ ಕಂಪೌಂಡ್ ಗೋಡೆಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಶ್ರೀಶೈಲ ಒಂದು ಸಂಜೆ ಧೈರ್ಯ ಮಾಡಿ ಮೊಬೈಲ್ ಸಿಗಿಸಿ ಹಾಡು ಹಚ್ಚಿದ.

"ಅದನ್ನ ತಗೀರಿ ಶ್ರೀಶೈಲಪ್ಪಾರ," ಎಂದಳು ಸೌಭಾಗ್ಯ ಟೀಚರ್, "ಚಂದ್ರಕಲಾನ ವ್ಯಾಳೆ ಆತು."

ಅವನ ಮನೆಯಲ್ಲಿ ಹದಿನಾರು ಕುರ್ಚಿ, ಅವನಿಗೆ ಕುಳಿತುಕೊಳ್ಳಲು ಒಂದಿಲ್ಲ. ಎಂದೂ ಸರಿಯಾಗಿ ಮುಖ ನೋಡದ ಒಬ್ಬ ಹೆಂಗಸಿನ ಗಂಟಲಿನ ಮೇಲೆ ಅವನಿಗೆ ಹೊಟ್ಟೆಕಿಚ್ಚು ಹೊತ್ತಿತು. ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿ, ಸೀದಾ ಮುರ್ತುಜಾಸಾಬರ ಅಂಗಳಕ್ಕೆ ಹೋದ.

ಅಲ್ಲಿ ಆರು ಕುರ್ಚಿ ಖಾಲಿ. ಮುರ್ತುಜಾಸಾಬರು ಒಬ್ಬರೇ ಕುಳಿತು ಹಾಡು ಕೇಳುತ್ತಿದ್ದರು. ಎಡಗಡೆ ಹಾರ್ಮೋನಿಯಂ, ಬಲಗಡೆ ತಬಲಾ. "ಬರ್ರಿ," ಎಂದು ತಾವೇ ಎದ್ದುಹೋಗಿ ಚಹಾ ತಂದರು, ಇಮಾಮಬಿ ಮಾಳಿಗೆಯ ಮೇಲಿದ್ದಳಲ್ಲ. ಇಬ್ಬರೂ ಹಾಡು ಕೇಳುತ್ತ ಕುಳಿತರು. ಗಾಯಕ ಇನ್ನೇನು ಮೇಲಿನ ಸ್ವರಕ್ಕೆ ಏರಬೇಕು, ಮಾಳಿಗೆಯಿಂದ "ಹೋ...!" ಎಂದು ಕೂಗು, ಹಿಂದೆಯೇ ಮೂವತ್ತು ಮಂದಿಯ ನಗು. ಮುರ್ತುಜಾಸಾಬರ ಕುತ್ತಿಗೆ ಆ ಕಡೆ ತಿರುಗಿತು. ತಿರುಗಿದ್ದು ತಿರುಗಿಯೇ ಉಳಿಯಿತು. ಕೈ ತಾನಾಗಿ ಹೋಗಿ ಹಾಡಿನ ಧ್ವನಿ ಇಳಿಸಿತು.

"ಶ್ರೀಶೈಲಪ್ಪಾರ," ಎಂದರು, ಲೋಟದ ತಳ ನೋಡುತ್ತ. "ಸುಮ್ನ ಕೇಳತೀನಿ, ನನಗೇನೂ ಬೇಕಾಗಿಲ್ಲ. ಇಷ್ಟು ವರ್ಷ ಚಲೋ ಚಲೋ ಹಾಡು ಹಚ್ಚೀನಿ, ಯಾರೂ ಹಿಂಗ ಹೊಟ್ಟಿ ತುಂಬ ನಕ್ಕಿಲ್ಲ ನೋಡ್ರಿ. ಅಂಥಾದ್ದು... ತಿಕೋಟಾದಾಗ ಇನ್ನೊಂದು ಸಿಗತಿತ್ತೇನ್ರಿ?"

ಶ್ರೀಶೈಲ ಕುರ್ಚಿಗೆ ಒರಗಿದ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮುರ್ತುಜಾಸಾಬರು ಮರೆತಿದ್ದರು. ಆದರೂ ಅಷ್ಟು ಸಿಹಿ ಚಹಾವನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ. ಪೂರ್ತಿ ಕುಡಿದ. ಲೋಟ ಕೆಳಗಿಟ್ಟ. ಸಾವಿನ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದ.

"ಇಲ್ರಿ ಸಾಬ್ರ. ಭಾಳ ಕೆಟ್ಟ ಅನಸ್ತೈತಿ. ಅದು ಒಂದ ಇತ್ತು."

ಇಷ್ಟೇ. ಇದನ್ನು ಕೇಳಿ ಮೊಬೈಲಿನಲ್ಲಿ ಕೊಳೆಹಾಕಬೇಡಿ, ಮುಂದಕ್ಕೆ ಕಳಿಸಿ. ನೀವು ನಿಮ್ಮ ಅತ್ತಿಗೆಗೆ, ಅವಳು ತನ್ನ ಅಣ್ಣನಿಗೆ, ಅವನು ಬಬಲೇಶ್ವರದ ಬಸ್ಸಿನ ಯಾರಾದರೂ ಕಂಡಕ್ಟರಿಗೆ. ಹೇಗಾದರೂ ಸುತ್ತಿ ಬಳಸಿ ಮುರ್ತುಜಾಸಾಬರಿಗೆ ಮುಟ್ಟಲಿ. ಯಲಗೂರಪ್ಪನ ಶೆಡ್ಡಿನಲ್ಲಿ ಇನ್ನೂ ಎರಡು ಇವೆ, ಪುಕ್ಕಟೆ ಕೊಡುತ್ತಾನೆ. ಅವರು ಒಂದು ತರಲಿ. ಇನ್ನೊಂದಕ್ಕೆ ನಾನು ಆಗಲೇ ಹೇಳಿ ಇಟ್ಟಿದ್ದೇನೆ.